ದೀಪವಿಲ್ಲದ ಊರಿನ ಇಬ್ಬರು ಸಂಸದರು

ನಮ್ಮ ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬುದೊಂದು ಮಾತಿದೆ. ಚಿರಾಗ್ ಎಂದರೆ ದೀಪ. ಸಂಜೆಯಾದರೆ ದೀಪ ಹಚ್ಚುವವರಿಲ್ಲದ ಊರು ಬೇಚರಾಕ್. ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ, ಹೊಲ ಉಳುವವರೂ ಇದ್ದಾರೆ. ಆದರೆ ಉಳುವವರೆಲ್ಲ ಪಕ್ಕದೂರಿನವರು. ಹೊತ್ತು ಮುಳುಗಿದರೆ ಅವರು ತಮ್ಮೂರಿಗೆ ಹೊರಡುತ್ತಾರೆ. ಉಳಿಯುವುದು ಒಂದು ಹಾಳುಗುಡಿ, ಒಂದೆರಡು ಹುಣಸೆಮರ, ಹೂತುಹೋದ ಬಾವಿಯ ಗುರುತು. ಇಂಥ ಊರಿಗೆ ಪಹಣಿಯಲ್ಲಿ ಜಾಗವುಂಟು, ಮತದಾರರ ಪಟ್ಟಿಯಲ್ಲಿ ಇಲ್ಲ.

ಇಂಗ್ಲೆಂಡಿನಲ್ಲೂ ಒಂದು ಬೇಚರಾಕ್ ಊರಿತ್ತು. ಅದು ಪಾರ್ಲಿಮೆಂಟಿಗೆ ಸದಸ್ಯರನ್ನು ಕಳಿಸುತ್ತಿತ್ತು. ಒಬ್ಬರನ್ನಲ್ಲ, ಇಬ್ಬರನ್ನು. ಅದೂ ಹತ್ತಿಪ್ಪತ್ತು ವರ್ಷವಲ್ಲ, ಶತಮಾನಗಟ್ಟಲೆ. ಊರಿನ ಹೆಸರು ಓಲ್ಡ್ ಸೇರಮ್. ವಿಲ್ಟ್‌ಶೈರ್ ಜಿಲ್ಲೆಯ ಸಾಲ್ಸ್‌ಬರಿ ಪಟ್ಟಣದಿಂದ ಉತ್ತರಕ್ಕೆ ಸುಮಾರು 3 ಕಿಲೋಮೀಟರ್ ದೂರದಲ್ಲಿ, ಬಯಲಿನ ನಡುವೆ ಎದ್ದ ಒಂದು ಹುಲ್ಲುಗುಡ್ಡ. ಈ ಕ್ಷೇತ್ರದ ಕಥೆಯನ್ನು ಇಂಗ್ಲಿಷರು ತಮ್ಮ ಹಳೆಯ ಮೂರ್ಖತನದ ಉದಾಹರಣೆಯಾಗಿ ನಗುತ್ತ ಹೇಳಿಕೊಳ್ಳುತ್ತಾರೆ. ಆ ನಗೆಯಲ್ಲಿ ಒಂದು ವಿಷಯ ಮರೆಯಾಗುತ್ತದೆ. ಆ ಹುಲ್ಲುಗುಡ್ಡವನ್ನು ಕೊಂಡು ಕಾಪಾಡಿಕೊಂಡ ಹಣದಲ್ಲಿ ಬಹುಪಾಲು ಹೋದದ್ದು ನಮ್ಮ ಕಡೆಯಿಂದ.

ಗುಡ್ಡ ಹುಟ್ಟಿನಿಂದಲೇ ಹಾಳಾಗಿದ್ದಲ್ಲ. ಕ್ರಿಸ್ತಪೂರ್ವ ಕಾಲದಲ್ಲೇ ಅದರ ಸುತ್ತ ಮಣ್ಣಿನ ಕೋಟೆ, ಕಂದಕ ಎದ್ದಿದ್ದವು. ರೋಮನ್ನರ ರಸ್ತೆಗಳು ಅದರ ಬುಡದಲ್ಲಿ ಕೂಡುತ್ತಿದ್ದವು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ ಅಲ್ಲಿ ಕೋಟೆ ಕಟ್ಟಿಸಿದ. ದೇಶದ ಜಮೀನನ್ನೆಲ್ಲ ಅಳೆಸಿ ಲೆಕ್ಕ ಬರೆಸುತ್ತಿದ್ದ 1086ರಲ್ಲಿ ಅವನು ದೊಡ್ಡ ಹಿಡುವಳಿದಾರರನ್ನೆಲ್ಲ ಕರೆಸಿ ನಿಷ್ಠೆಯ ಪ್ರಮಾಣ ಮಾಡಿಸಿಕೊಂಡದ್ದೂ ಇಲ್ಲೇ. ಕೋಟೆಯ ಪಕ್ಕದಲ್ಲಿ ಮಹಾ ಚರ್ಚು ಎದ್ದಿತು. 1092ರಲ್ಲಿ ಅದರ ಪ್ರತಿಷ್ಠೆಯಾಯಿತು. ಪ್ರತಿಷ್ಠೆಯಾದ ಐದೇ ದಿನಕ್ಕೆ ಬಿರುಗಾಳಿ ಅದರ ಮಾಡನ್ನು ಕಿತ್ತುಹಾಕಿತು. ಶಕುನ ನೋಡುವವರಿಗೆ ಅಷ್ಟು ಸಾಕಿತ್ತು.

ಒಂದೇ ಗುಡ್ಡದ ಮೇಲೆ ಸಿಪಾಯಿಗಳೂ ಪಾದ್ರಿಗಳೂ ಇದ್ದರೆ ಏನಾಗಬೇಕೋ ಅದೇ ಆಯಿತು. ಜಗಳ. ಜೊತೆಗೆ ನೀರಿನ ತಾಪತ್ರಯ, ಚರ್ಚಿನೊಳಗೆ ಪ್ರಾರ್ಥನೆ ಕೇಳಿಸದಷ್ಟು ಗಾಳಿಯ ಸದ್ದು. ಬಿಷಪ್ ರಿಚರ್ಡ್ ಪೂರ್ ಬೇಸತ್ತು ಕೆಳಗಿನ ನದೀಬಯಲಿನಲ್ಲಿ ಹೊಸ ಚರ್ಚಿಗೆ ಜಾಗ ಗೊತ್ತುಮಾಡಿದ. 1220ರ ಏಪ್ರಿಲ್ 28ರಂದು ಅದರ ತಳಹದಿಯ ಕಲ್ಲು ಬಿತ್ತು. ಚರ್ಚು ಇಳಿದ ಮೇಲೆ ವ್ಯಾಪಾರಿ ಇಳಿದ, ಕಮ್ಮಾರ ಇಳಿದ, ಸಂತೆ ಇಳಿಯಿತು. ಕೆಳಗೆ ಬೆಳೆದ ಹೊಸ ಊರೇ ಸಾಲ್ಸ್‌ಬರಿ. 1331ರಲ್ಲಿ ಮೇಲಿನ ಹಳೇ ಚರ್ಚಿನ ಕಲ್ಲನ್ನೂ ಕೆಳಗಿನ ಗೋಡೆಗೆ ಬಳಸಿಕೊಳ್ಳಲು ದೊರೆಯ ಅಪ್ಪಣೆಯಾಯಿತು. ಊರು ತನ್ನ ಕಲ್ಲನ್ನು ತಾನೇ ಹೊತ್ತುಕೊಂಡು ಗುಡ್ಡ ಇಳಿದುಹೋಯಿತು ಎನ್ನಬೇಕು.

ಈ ಇಳಿಕೆ ಶುರುವಾಗಿ ಮುಕ್ಕಾಲು ಶತಮಾನ ಕಳೆದ ಮೇಲೆ, 1295ರಲ್ಲಿ, ದೊರೆ ಮೊದಲನೇ ಎಡ್ವರ್ಡ್ ಪಾರ್ಲಿಮೆಂಟ್ ಕರೆದ. ಊರೂರಿನಿಂದ ಇಬ್ಬಿಬ್ಬರು ಬರಬೇಕೆಂದು ಓಲೆ ಹೋಯಿತು. ಕ್ಷೀಣಿಸುತ್ತಿದ್ದ ಓಲ್ಡ್ ಸೇರಮ್‌ಗೂ ಓಲೆ ಬಂತು. ಆ ಕಾಲದಲ್ಲಿ ಅದು ಭಾಗ್ಯವಲ್ಲ, ಹೊರೆ; ಹೋಗಿಬರುವ ಖರ್ಚು ಊರಿನದು, ವಾಪಸು ಬರುವವರು ತರುತ್ತಿದ್ದುದು ಹೊಸ ತೆರಿಗೆಯ ಸುದ್ದಿ. ಆದರೆ ಒಮ್ಮೆ ಕೊಟ್ಟ ಉಂಬಳಿ ಸುಲಭಕ್ಕೆ ಹೋಗುವುದಿಲ್ಲ. ಪಾರ್ಲಿಮೆಂಟಿನ ಬೆಲೆ ಏರಿದಂತೆ ಆ ಎರಡು ಸ್ಥಾನಗಳ ಬೆಲೆಯೂ ಏರಿತು. ಹೀಗೆ ಕೆಳಗಿನ ಜೀವಂತ ಊರಿಗೆ ಇಬ್ಬರು, ಮೇಲಿನ ಹಾಳೂರಿಗೂ ಇಬ್ಬರು. ಹದಿನೇಳನೇ ಶತಮಾನದ ಹೊತ್ತಿಗೆ ಆ ಕ್ಷೇತ್ರದಲ್ಲಿ ವಾಸವಿರುವ ಮತದಾರ ಒಬ್ಬನೂ ಇರಲಿಲ್ಲ.

ಮತದಾರರಿಲ್ಲದೆ ಮತದಾನ ಹೇಗೆ? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದರಲ್ಲಿ ಕಳ್ಳಮತವಿಲ್ಲ, ಮತಪೆಟ್ಟಿಗೆ ಹೊತ್ತೊಯ್ಯುವ ರೌಡಿಗಳಿಲ್ಲ. ಎಲ್ಲವೂ ಕಾಯಿದೆಬದ್ಧ. ಆಗಿನ ಇಂಗ್ಲೆಂಡಿನಲ್ಲಿ ಯಾರಿಗೆ ಮತವುಂಟು ಎಂಬುದು ಊರಿಂದೂರಿಗೆ ಬೇರೆಯಾಗಿತ್ತು. ಓಲ್ಡ್ ಸೇರಮ್‌ನಂಥ ಊರುಗಳಲ್ಲಿ ಮತ ಇದ್ದದ್ದು ‘ಬರ್ಗೇಜ್’ ಎಂಬ ಹಳೇ ನಿವೇಶನಗಳ ಒಡೆಯನಿಗೆ. ನಿವೇಶನದಲ್ಲಿ ಮನೆಯಿರಬೇಕೆಂದಿಲ್ಲ, ಮನೆಯಲ್ಲಿ ಮನುಷ್ಯನಿರಬೇಕೆಂದೂ ಇಲ್ಲ. ಮತ ಮನುಷ್ಯನದ್ದಲ್ಲ, ಸರ್ವೆ ನಂಬರಿನದು. ಆ ಹೊಲದ ತುಂಡುಗಳನ್ನೆಲ್ಲ ಒಬ್ಬನೇ ಕೊಂಡರೆ ಕ್ಷೇತ್ರ ಅವನ ಸ್ವಂತದ್ದಾಯಿತು. ಒಬ್ಬನೇ ಎಲ್ಲ ಮತ ಹಾಕಲಾರನಲ್ಲ? ಅದಕ್ಕೂ ಉಪಾಯವಿತ್ತು. ಚುನಾವಣೆ ಹತ್ತಿರ ಬಂದಾಗ ಒಂದೊಂದು ತುಂಡನ್ನು ಒಬ್ಬೊಬ್ಬ ನಂಬಿಕಸ್ಥನ ಹೆಸರಿಗೆ ಪತ್ರ ಮಾಡಿಕೊಡುವುದು, ಅವರು ಬಂದು ಮತ ಹೇಳುವುದು, ಆಮೇಲೆ ಪತ್ರ ವಾಪಸು ಪಡೆಯುವುದು. ಬೇನಾಮಿ ವ್ಯವಹಾರದ ಒಳಹೊರಗು ಬಲ್ಲ ನಮ್ಮವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಚುನಾವಣೆ ನಡೆಯುತ್ತಿದ್ದದ್ದು ಗುಡ್ಡದ ಬುಡದ ಹೊಲದಲ್ಲಿ, ಒಂದು ಎಲ್ಮ್ ಮರದ ಕೆಳಗೆ. ಜನ ಅದನ್ನು ‘ಪಾರ್ಲಿಮೆಂಟ್ ಮರ’ ಎನ್ನುತ್ತಿದ್ದರು. ಅಲ್ಲೊಂದು ತಾತ್ಕಾಲಿಕ ಚಪ್ಪರ, ಓಲೆ ಓದುವ ಒಬ್ಬ ಅಧಿಕಾರಿ, ಹೊರಗಿನಿಂದ ಬಂದ ಬೆರಳೆಣಿಕೆಯ ಮತದಾರರು. ಆಕ್ಷೇಪಣೆ ಎತ್ತಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ಈ ಗುಡ್ಡವನ್ನು 1691ರಲ್ಲಿ ಸಾಲ್ಸ್‌ಬರಿಯ ಅರ್ಲ್‌ನಿಂದ ಕೊಂಡವನು ಥಾಮಸ್ ಪಿಟ್. ಪಾದ್ರಿಯ ಮಗ. 1670ರ ದಶಕದಲ್ಲಿ ಹಿಂದೂಸ್ತಾನಕ್ಕೆ ಬಂದು ಬಂಗಾಳ ಕೊಲ್ಲಿಯ ಬಾಲಸೋರ್ ಬಂದರಿನಲ್ಲಿ ವ್ಯಾಪಾರಕ್ಕಿಳಿದ. ಆಗ ಪೂರ್ವದ ವ್ಯಾಪಾರವೆಲ್ಲ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ. ಹೊರಗಿನ ಇಂಗ್ಲಿಷನು ಅಲ್ಲಿ ಅಂಗಡಿ ಹಾಕಿದರೆ ಅಪರಾಧ. ಕಂಪನಿ ಅವನನ್ನು ಕಳ್ಳ ವ್ಯಾಪಾರಿಯೆಂದು ಹಿಡಿಸಿತು, ದಂಡ ಹಾಕಿಸಿತು. ಅವನು ದಂಡ ಕಟ್ಟಿ ಮತ್ತೆ ವ್ಯಾಪಾರಕ್ಕೆ ಹೋದ. ಕೊನೆಗೆ ಕಂಪನಿಯೇ ಸೋತು, ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ, 1698ರಲ್ಲಿ ಅವನನ್ನು ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿ ಕಳಿಸಿತು. ಹನ್ನೊಂದು ವರ್ಷ ಆಳಿದ. 1702ರಲ್ಲಿ ಮೊಗಲರ ಅಧಿಕಾರಿ ದಾವೂದ್ ಖಾನ್ ಮದರಾಸಿಗೆ ಮುತ್ತಿಗೆ ಹಾಕಿದಾಗ ಊರನ್ನು ಉಳಿಸಿಕೊಂಡವನೂ ಇವನೇ.

ಅವನಿಗೆ ‘ಡೈಮಂಡ್ ಪಿಟ್’ ಎಂಬ ಅಡ್ಡಹೆಸರು ಬಿದ್ದದ್ದು ಒಂದು ಕಲ್ಲಿನಿಂದ. ಕೃಷ್ಣಾ ನದಿಯ ದಂಡೆಯ ಕೊಲ್ಲೂರು ಗಣಿಯಲ್ಲಿ (ಗೋಲ್ಕೊಂಡದ ಕೊಲ್ಲೂರು, ನಮ್ಮ ಮೂಕಾಂಬಿಕೆಯದಲ್ಲ) ಸಿಕ್ಕ 410 ಕ್ಯಾರಟ್‌ನ ಕಚ್ಚಾ ವಜ್ರ ಅದು. ಗಣಿಯ ಗುಲಾಮನೊಬ್ಬ ತೊಡೆಯ ಗಾಯದಲ್ಲಿ ಅದನ್ನು ಬಚ್ಚಿಟ್ಟು ತಪ್ಪಿಸಿಕೊಂಡ, ಹಡಗಿನ ಕಪ್ತಾನನೊಬ್ಬ ಅವನನ್ನು ಕೊಂದು ಕಲ್ಲು ಕಸಿದ ಎಂಬ ಕಥೆಯಿದೆ. ದೊಡ್ಡ ವಜ್ರಗಳಿಗೆಲ್ಲ ಇಂಥದೊಂದು ಕಥೆ ಅಂಟಿಕೊಂಡೇ ಇರುತ್ತದೆ. ಕಥೆಯ ಆಚೆಗೆ ಗೊತ್ತಿರುವುದಿಷ್ಟು: ಜಮ್‌ಚಂದ್ ಎಂಬ ವಜ್ರದ ವ್ಯಾಪಾರಿ ಅದನ್ನು ಪಿಟ್‌ನ ಮುಂದಿಟ್ಟು 2 ಲಕ್ಷ ವರಹ ಕೇಳಿದ. ಪಿಟ್ ದಿನಗಟ್ಟಲೆ ಜಗ್ಗಾಡಿದ. 48,000 ವರಹಕ್ಕೆ ವ್ಯಾಪಾರ ಮುಗಿಯಿತು. ಇಂಗ್ಲಿಷ್ ಪುಸ್ತಕಗಳು ಇದನ್ನು ‘ಪಗೋಡ’ ಎಂದು ಬರೆಯುತ್ತವೆ. ಅದು ನಮ್ಮ ವರಹವೇ. ವಿಜಯನಗರದ ಟಂಕಸಾಲೆಯಿಂದ ಹೊರಟು ದಕ್ಷಿಣದಲ್ಲೆಲ್ಲ ಚಲಾವಣೆಯಾದ ಚಿನ್ನದ ನಾಣ್ಯ.

ಮಗ ರಾಬರ್ಟ್ ಆ ಕಲ್ಲನ್ನು ಲಂಡನ್ನಿಗೆ ಒಯ್ದ. ಬೂಟಿನ ಹಿಮ್ಮಡಿಯಲ್ಲಿ ಅಡಗಿಸಿ ಒಯ್ದನೆಂದು ಹೇಳುತ್ತಾರೆ. ಎರಡು ವರ್ಷ ಸಾಣೆ ಹಿಡಿದ ಮೇಲೆ 140 ಕ್ಯಾರಟ್‌ಗಿಂತ ತುಸು ಹೆಚ್ಚು ಉಳಿಯಿತು. ಕೊಳ್ಳುವವರು ಸಿಗದೆ ಪಿಟ್ ವರ್ಷಗಟ್ಟಲೆ ನಿದ್ದೆಗೆಟ್ಟ. 1717ರಲ್ಲಿ ಫ್ರಾನ್ಸಿನ ಬಾಲ ದೊರೆಯ ಪರವಾಗಿ ರಾಜ್ಯವಾಳುತ್ತಿದ್ದ ಆರ್ಲಿಯನ್ಸ್‌ನ ಡ್ಯೂಕ್ ಅದನ್ನು 1,35,000 ಪೌಂಡಿಗೆ ಕೊಂಡ. ಪಿಟ್ ಕೊಟ್ಟಿದ್ದ ಬೆಲೆಯನ್ನು ಪೌಂಡಿಗೆ ತಿರುಗಿಸಿದರೆ ಸುಮಾರು 20,400. ಅಂದರೆ ಆರು ಪಟ್ಟಿಗೂ ಮಿಕ್ಕಿ ಬಂತು. ‘ರೀಜೆಂಟ್’ ಎಂಬ ಹೆಸರಿನ ಆ ವಜ್ರ ಇಂದಿಗೂ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದ ಸ್ವತ್ತು.

ವಜ್ರ ಮಾರಿದ ದುಡ್ಡಿನಲ್ಲಿ ಓಲ್ಡ್ ಸೇರಮ್ ಕೊಂಡನೆಂದು ಹೇಳುವುದು ರೂಢಿ. ತಾರೀಖುಗಳು ಹಾಗೆ ಹೇಳುವುದಿಲ್ಲ. ಗುಡ್ಡ ಕೊಂಡದ್ದು ವಜ್ರಕ್ಕಿಂತ ಮೊದಲು, ಬಾಲಸೋರಿನ ಕಳ್ಳವ್ಯಾಪಾರದಲ್ಲಿ ಕೈತುಂಬಿಕೊಂಡ ಮೇಲೆ. ವಜ್ರ ಮಾಡಿದ್ದು ಆ ಮನೆತನವನ್ನು ಇಂಗ್ಲೆಂಡಿನ ದೊಡ್ಡ ಜಮೀನ್ದಾರರ ಸಾಲಿಗೆ ಏರಿಸಿದ ಕೆಲಸ. ಪಿಟ್ ತಾನೇ ಹಲವು ಸಲ ಓಲ್ಡ್ ಸೇರಮ್‌ನ ಸದಸ್ಯನಾದ, ಮಗನನ್ನೂ ಅಲ್ಲಿಂದ ಕಳಿಸಿದ.

1735ರಲ್ಲಿ ಮೊಮ್ಮಗ ವಿಲಿಯಂ ಪಿಟ್‌ನ ಸರದಿ. ಇಪ್ಪತ್ತಾರು ವರ್ಷ, ಕುದುರೆಪಡೆಯಲ್ಲಿ ಚಿಕ್ಕ ಅಧಿಕಾರಿ, ಕಿರಿಯ ಮಗನಾದ್ದರಿಂದ ಕೈಯಲ್ಲಿ ಕಾಸಿಲ್ಲ. ಗುಡ್ಡದ ಒಡೆಯ ಅಣ್ಣ. ತಮ್ಮನಿಗೊಂದು ದಾರಿಯಾಗಲಿ ಎಂದು ಮರದಡಿಯ ಸ್ಥಾನ ಕೊಟ್ಟ. ಈ ತಮ್ಮನೇ ಮುಂದೆ ಏಳು ವರ್ಷದ ಯುದ್ಧವನ್ನು ನಡೆಸಿ, ಕೆನಡಾದಿಂದ ಬಂಗಾಳದವರೆಗೆ ಬ್ರಿಟಿಷ್ ಸಾಮ್ರಾಜ್ಯವನ್ನು ಹಿಗ್ಗಿಸಿದ ಹಿರಿಯ ಪಿಟ್. ಹಾಳೂರುಗಳ ಪರ ವಾದಿಸುವವರು ನೂರು ವರ್ಷ ಇವನ ಹೆಸರನ್ನೇ ಹೇಳಿದರು: ಈ ಕ್ಷೇತ್ರಗಳಿಲ್ಲದಿದ್ದರೆ ಹಣವಿಲ್ಲದ ಪ್ರತಿಭಾವಂತರು ಪಾರ್ಲಿಮೆಂಟಿಗೆ ಬರುವುದು ಹೇಗೆ ಎಂದು. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಒಡೆಯನ ತಮ್ಮನಾಗಿರುವುದೂ ಪ್ರತಿಭೆಯಷ್ಟೇ ಮುಖ್ಯವಾಗಿತ್ತು ಎಂಬುದನ್ನು ಅವರು ಬಿಟ್ಟು ಹೇಳುತ್ತಿದ್ದರು.

ತಮಾಷೆಯೆಂದರೆ, ಈ ಹಾಳೂರುಗಳನ್ನು ದೇಶದ ಆಡಳಿತದ ಕೊಳೆತ ಅಂಗವೆಂದು ಕರೆದವನೂ ಇದೇ ಪಿಟ್. 1766ರ ಜನವರಿಯಲ್ಲಿ, ಅಮೆರಿಕದ ವಸಾಹತುಗಳ ಮೇಲೆ ಹೇರಿದ ಸ್ಟಾಂಪು ತೆರಿಗೆಯನ್ನು ವಿರೋಧಿಸುತ್ತ ಮಾತಾಡಿದಾಗ, ಇದು ಇನ್ನು ನೂರು ವರ್ಷ ಉಳಿಯದು, ತಾನಾಗಿ ಉದುರದಿದ್ದರೆ ಕತ್ತರಿಸಿ ತೆಗೆಯಬೇಕಾಗುತ್ತದೆ ಎಂಬ ಅರ್ಥದ ಮಾತು ಹೇಳಿದ. ಉಂಡ ಮನೆಯ ಜಂತೆ ಎಣಿಸಿದ ಎನ್ನಿ, ಸತ್ಯ ಹೇಳಿದ ಎನ್ನಿ. ಅವನ ಮಗ ಕಿರಿಯ ಪಿಟ್ ಪ್ರಧಾನಿಯಾಗಿ 1785ರಲ್ಲಿ ಇಂಥ 36 ಕ್ಷೇತ್ರಗಳನ್ನು ಒಡೆಯರಿಗೆ ಪರಿಹಾರ ಕೊಟ್ಟು ಬಿಡಿಸಿಕೊಳ್ಳುವ ಮಸೂದೆಗೆ ಕೈಹಾಕಿದ. 174ಕ್ಕೆ 248 ಮತಗಳಿಂದ ಸೋತ. ಮತ್ತೆ ಆ ಗೋಜಿಗೆ ಹೋಗಲಿಲ್ಲ.

ಮುಂದೆ ಗುಡ್ಡ ಬಂದು ಸೇರಿದ್ದು ವಜ್ರದ ಪಿಟ್‌ನ ಮರಿಮಗನ ಮಗ ಎರಡನೇ ಲಾರ್ಡ್ ಕ್ಯಾಮೆಲ್‌ಫರ್ಡ್‌ನ ಕೈಗೆ. ಹಡಗಿನಲ್ಲಿ, ಬೀದಿಯಲ್ಲಿ, ಕುಡಿತದಂಗಡಿಯಲ್ಲಿ ಎಲ್ಲೆಂದರಲ್ಲಿ ಜಗಳ ತೆಗೆಯುವ ಪುಂಡ. 1801ರಲ್ಲಿ ಸರ್ಕಾರವನ್ನು ಕೆಣಕಲೆಂದೇ ಜಾನ್ ಹಾರ್ನ್ ಟೂಕ್ ಎಂಬ ಕ್ರಾಂತಿಕಾರಿ ವಿದ್ವಾಂಸನನ್ನು ಓಲ್ಡ್ ಸೇರಮ್‌ನಿಂದ ಕಳಿಸಿದ. ಹಾಳೂರು ವ್ಯವಸ್ಥೆಯನ್ನೇ ಜೀವಮಾನವಿಡೀ ಬೈದ ಟೂಕ್ ಅದೇ ವ್ಯವಸ್ಥೆಯ ಬಾಗಿಲಿನಿಂದ ಒಳಗೆ ಬಂದ. ಅವನು ಹಿಂದೆ ಪಾದ್ರಿಯಾಗಿದ್ದ. ಪಾದ್ರಿ ಹೇಗೆ ಸದಸ್ಯನಾದಾನು ಎಂಬ ಗಲಾಟೆ ಎದ್ದಿತು. ಟೂಕ್‌ನನ್ನು ಹೊರಹಾಕಿದರೆ ಆ ಸ್ಥಾನಕ್ಕೆ ನನ್ನ ಮನೆಯ ಕಪ್ಪು ಸೇವಕನನ್ನೇ ಕಳಿಸುತ್ತೇನೆ ಎಂದು ಕ್ಯಾಮೆಲ್‌ಫರ್ಡ್ ಬೆದರಿಸಿದನಂತೆ. ಅವನು ಹೇಳಿದ್ದು ಅವಮಾನ ಮಾಡಲು; ಆದರೆ ಕಾನೂನಿನ ಪ್ರಕಾರ ಆ ಗುಡ್ಡದ ಸ್ಥಾನ ಎಷ್ಟರಮಟ್ಟಿಗೆ ಒಡೆಯನ ಮರ್ಜಿಯದು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ. ಟೂಕ್ ಆ ಅವಧಿ ಮುಗಿಸಿದ. ಪಾದ್ರಿಗಳು ಕಾಮನ್ಸ್ ಸಭೆಗೆ ಬರಬಾರದೆಂಬ ಕಾಯಿದೆ ಹುಟ್ಟಿತು. ಕ್ಯಾಮೆಲ್‌ಫರ್ಡ್ 1804ರಲ್ಲಿ ದ್ವಂದ್ವಯುದ್ಧವೊಂದರಲ್ಲಿ ಗುಂಡು ತಗುಲಿ ಸತ್ತ.

ಸಾಯುವುದಕ್ಕೆ ಎರಡು ವರ್ಷ ಮೊದಲು ಅವನು ಗುಡ್ಡವನ್ನು ಮಾರಿಬಿಟ್ಟಿದ್ದ. ಬೆಲೆ 60,000 ಪೌಂಡ್ ಎಂದು ಸುದ್ದಿ. ಆ ಜಮೀನಿನಿಂದ ವರ್ಷಕ್ಕೆ ಬರುತ್ತಿದ್ದುದು ಹೆಚ್ಚೆಂದರೆ 700 ಪೌಂಡ್. ಉಳಿದದ್ದೆಲ್ಲ ಎರಡು ಕುರ್ಚಿಗಳ ಬೆಲೆ. ಕೊಂಡವನು ಐರ್ಲೆಂಡಿನ ಕ್ಯಾಲಡನ್ ಮನೆತನದ ಎರಡನೇ ಅರ್ಲ್. ಅವನ ಅಪ್ಪ ಜೇಮ್ಸ್ ಅಲೆಕ್ಸಾಂಡರ್ ಕಂಪನಿಯ ನೌಕರನಾಗಿ ಮದರಾಸಿನಲ್ಲಿ, ಬಂಗಾಳದಲ್ಲಿ ಇಪ್ಪತ್ತು ವರ್ಷ ದುಡಿದು, ಅಂದರೆ ದೋಚಿ, ಊರಿಗೆ ಮರಳಿ ದೊಡ್ಡ ಎಸ್ಟೇಟು ಕೊಂಡವನು. ಅಂಥವರನ್ನು ಇಂಗ್ಲೆಂಡಿನಲ್ಲಿ ‘ನಬಾಬ್’ ಎಂದು ಕರೆಯುತ್ತಿದ್ದರು. ನವಾಬ ಎಂಬುದರ ಅಪಭ್ರಂಶ.

ಹೊಸ ಅರ್ಲ್‌ನ ಹೆಸರು ಡು ಪ್ರೇ ಅಲೆಕ್ಸಾಂಡರ್. ಈ ‘ಡು ಪ್ರೇ’ ಎಲ್ಲಿಂದ ಬಂತೆಂದು ನೋಡಿದರೆ ಕಥೆ ನೇರ ಮೈಸೂರಿಗೆ ಬಂದು ಮುಟ್ಟುತ್ತದೆ. ಜೇಮ್ಸ್ ಅಲೆಕ್ಸಾಂಡರನ ತಂಗಿ ರೆಬೆಕ್ಕಳನ್ನು ಮದುವೆಯಾದವನು ಜೋಸಾಯಸ್ ಡು ಪ್ರೇ. ಮದರಾಸಿನ ಕೌನ್ಸಿಲ್ ಸದಸ್ಯ. 1769ರ ಮಾರ್ಚಿನಲ್ಲಿ ಹೈದರ್ ಅಲಿ ಕಂಪನಿಯ ಸೇನೆಯನ್ನು ಎಲ್ಲೋ ಹಿಂದೆ ಬಿಟ್ಟು, ಆರು ಸಾವಿರ ಕುದುರೆ ಸವಾರರೊಡನೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿಸಿಕೊಂಡು ಬಂದು ಮದರಾಸಿನ ಪರಂಗಿಮಲೆಯ ಬಳಿ ಬೀಡುಬಿಟ್ಟಾಗ ಕೋಟೆಯವರು ಕಂಗಾಲಾದರು. ಮಾತಿಗೆ ಡು ಪ್ರೇಯನ್ನೇ ಕಳಿಸಿ ಎಂದು ಹೈದರ್ ಹೇಳಿಕಳಿಸಿದ. ಡು ಪ್ರೇ ಬಂದ, ಮದರಾಸಿನ ಒಪ್ಪಂದವಾಯಿತು. ಹಿಡಿದ ಊರುಗಳನ್ನು ಹಿಂದಿರುಗಿಸುವುದು, ಯಾರ ಮೇಲೆ ಶತ್ರು ಬಂದರೂ ಇನ್ನೊಬ್ಬರು ನೆರವಿಗೆ ಹೋಗುವುದು ಎಂದು ಮಾತಾಯಿತು. ಹೈದರನ ಅಪ್ಪಣೆಯಂತೆ ಕೋಟೆಯ ಬಾಗಿಲಿಗೆ ಒಂದು ವ್ಯಂಗ್ಯಚಿತ್ರ ಅಂಟಿತೆಂಬ ಕಥೆಯೂ ಇದೆ. ಅದರಲ್ಲಿ ಡು ಪ್ರೇಗೆ ಆನೆಯ ಸೊಂಡಿಲಿನಂಥ ಮೂಗು. ಹೈದರ್ ಆ ಮೂಗನ್ನು ಹಿಡಿದೆಳೆದರೆ ಅದರಿಂದ ಉದುರುತ್ತಿದ್ದದ್ದು ವರಹಗಳು.

ಮರುವರ್ಷ ಡು ಪ್ರೇ ಮದರಾಸಿನ ಗವರ್ನರನಾದ. ಪೇಶ್ವೆ ಮಾಧವರಾಯನ ಮರಾಠಾ ಸೇನೆ ಮೈಸೂರಿನ ಮೇಲೆ ಬಿದ್ದಾಗ ಹೈದರ್ ಒಪ್ಪಂದವನ್ನು ನೆನಪಿಸಿದ. ಮದರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಆ ಮಾತುಗೆಡುಕುತನವನ್ನು ಹೈದರ್ ಸಾಯುವವರೆಗೆ ಮರೆಯಲಿಲ್ಲ; 1780ರಲ್ಲಿ ಅವನು ಕರ್ನಾಟಕ್ ಬಯಲಿಗೆ ನುಗ್ಗಿದ್ದಕ್ಕೆ ಅದೂ ಒಂದು ಕಾರಣ. ಡು ಪ್ರೇ ಮಾತ್ರ ಅಷ್ಟರಲ್ಲಿ ಇಂಗ್ಲೆಂಡಿಗೆ ಮರಳಿ ನೆಮ್ಮದಿಯಾಗಿದ್ದ. ಓಲ್ಡ್ ಸೇರಮ್‌ನ ಕಟ್ಟಕಡೆಯ ಇಬ್ಬರು ಸದಸ್ಯರು ಅರ್ಲ್‌ನ ದಾಯಾದಿಗಳು: ಜೇಮ್ಸ್ ಅಲೆಕ್ಸಾಂಡರ್ ಮತ್ತು ಜೋಸಾಯಸ್ ಡು ಪ್ರೇ ಅಲೆಕ್ಸಾಂಡರ್. ಎರಡನೆಯವನು ಸದಸ್ಯನಾಗಿದ್ದಾಗಲೇ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನೂ ಆಗಿದ್ದ. ಶ್ರೀರಂಗಪಟ್ಟಣ ಬಿದ್ದು ಇಪ್ಪತ್ತು ವರ್ಷವಾಗಿದ್ದಾಗ, ಹೈದರನ ನೆರವಿಗೆ ಬಾರದ ಗವರ್ನರನ ಹೆಸರು ಹೊತ್ತ ಒಬ್ಬ ಮನುಷ್ಯ ಜನರಿಲ್ಲದ ಊರಿನ ಪ್ರತಿನಿಧಿಯಾಗಿ ಲಂಡನ್ನಿನಲ್ಲಿ ಕುಳಿತು ಹಿಂದೂಸ್ತಾನದ ಭವಿಷ್ಯಕ್ಕೆ ಮತ ಹಾಕುತ್ತಿದ್ದ.

ಇತ್ತ ಇಂಗ್ಲೆಂಡ್ ಬದಲಾಗಿತ್ತು. ಮ್ಯಾಂಚೆಸ್ಟರ್ ಹತ್ತಿಗಿರಣಿಗಳಿಂದ ಊದಿಕೊಂಡು ಲಕ್ಷ ಜನಸಂಖ್ಯೆಯನ್ನು ದಾಟಿತ್ತು; ಅದಕ್ಕೆ ಒಬ್ಬನೂ ಸದಸ್ಯನಿಲ್ಲ. ಬರ್ಮಿಂಗ್‌ಹ್ಯಾಮ್, ಲೀಡ್ಸ್ ಪಟ್ಟಣಗಳ ಪಾಡೂ ಅದೇ. ಅತ್ತ ಓಲ್ಡ್ ಸೇರಮ್‌ಗೆ ಇಬ್ಬರು, ಬಹುಪಾಲು ಸಮುದ್ರದ ಪಾಲಾಗಿದ್ದ ಡನ್‌ವಿಚ್ ಎಂಬ ಊರಿಗೂ ಇಬ್ಬರು. ಥಾಮಸ್ ಪೇನ್ 1791ರಲ್ಲೇ ಮ್ಯಾಂಚೆಸ್ಟರನ್ನೂ ಈ ಗುಡ್ಡವನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಕೇಳಿದ್ದ. ಪತ್ರಕರ್ತ ಕಾಬೆಟ್ ಕುದುರೆಯೇರಿ ಊರೂರು ಸುತ್ತುವಾಗ ಆ ಗುಡ್ಡವನ್ನು ಕಂಡರೆ ಶಪಿಸದೆ ಮುಂದೆ ಹೋಗುತ್ತಿರಲಿಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದ ಹಕ್ಕು ಕೇಳಲು ಸೇರಿದ್ದ ಸುಮಾರು 60,000 ಜನರ ಮೇಲೆ ಕುದುರೆಪಡೆ ಕತ್ತಿ ಬೀಸಿತು. ಹದಿನೈದಕ್ಕಿಂತ ಕಡಿಮೆಯಿಲ್ಲದಷ್ಟು ಜನ ಸತ್ತರು. ಸತ್ತವರಲ್ಲಿ ಹೆಂಗಸರಿದ್ದರು, ಒಂದು ಎಳೆಯ ಮಗುವೂ ಇತ್ತು.

1831ರ ಮಾರ್ಚಿನಲ್ಲಿ ಗ್ರೇ ಸರ್ಕಾರದ ಸುಧಾರಣಾ ಮಸೂದೆ ಎರಡನೇ ಓದಿನಲ್ಲಿ 302ಕ್ಕೆ 301ರಂತೆ, ಒಂದೇ ಮತದಿಂದ ಉಳಿಯಿತು. ಮುಂದಿನ ಹೆಜ್ಜೆಯಲ್ಲಿ ಎಡವಿದಾಗ ಸಭೆ ವಿಸರ್ಜನೆಯಾಗಿ ಚುನಾವಣೆ ಬಂತು. ಇಡೀ ದೇಶ ಹಾಳೂರುಗಳನ್ನು ತೆಗೆಯಬೇಕೋ ಬೇಡವೋ ಎಂದು ಕೂಗಾಡುತ್ತಿದ್ದ ಆ ಚುನಾವಣೆಯಲ್ಲೂ ಪಾರ್ಲಿಮೆಂಟ್ ಮರದ ಕೆಳಗೆ ಎಂದಿನಂತೆ ಇಬ್ಬರು ಅಲೆಕ್ಸಾಂಡರರು ಆರಿಸಿಬಂದರು. ಆಗ ಕ್ಷೇತ್ರದ ಮತದಾರರ ಸಂಖ್ಯೆ 11, ಹನ್ನೊಂದು ಜನರೂ ಬೇರೆಡೆ ವಾಸಿಸುವವರು. ಅಕ್ಟೋಬರಿನಲ್ಲಿ ಪ್ರಭುಗಳ ಸಭೆ ಮಸೂದೆಯನ್ನು 41 ಮತಗಳ ಅಂತರದಿಂದ ತಳ್ಳಿಹಾಕಿತು. ನಾಟಿಂಗ್‌ಹ್ಯಾಮ್ ಕೋಟೆಗೆ ಜನ ಬೆಂಕಿಯಿಟ್ಟರು, ಬ್ರಿಸ್ಟಲ್ ಮೂರು ದಿನ ಉರಿಯಿತು. ಮಸೂದೆ ಒಪ್ಪದಿದ್ದರೆ ಹೊಸ ಪ್ರಭುಗಳನ್ನು ರಾಶಿರಾಶಿಯಾಗಿ ನೇಮಿಸಬೇಕಾಗುತ್ತದೆಂದು ದೊರೆಯ ಬಾಯಿಂದ ಬಂದ ಮೇಲೆ ಹಳೇ ಪ್ರಭುಗಳು ಬಾಯಿ ಮುಚ್ಚಿದರು. 1832ರ ಜೂನ್ 7ರಂದು ಮಸೂದೆ ಕಾಯಿದೆಯಾಯಿತು.

ಆ ಕಾಯಿದೆಯನ್ನು ಅತಿಯಾಗಿ ಹೊಗಳಬೇಕಿಲ್ಲ. ಮತ ಕೇಳಿ ಮೈದಾನಕ್ಕೆ ಬಂದಿದ್ದ ನೇಕಾರರಿಗೆ ಅದು ಮತ ಕೊಡಲಿಲ್ಲ. ಬಾಡಿಗೆಯ ಮೊತ್ತ ನೋಡಿ ಮಧ್ಯಮ ವರ್ಗಕ್ಕಷ್ಟೇ ಕೊಟ್ಟಿತು. ಅದಕ್ಕಿಂತ ಮೊದಲು ಕಾಯಿದೆಯಲ್ಲಿ ಎಲ್ಲೂ ಬರೆದಿರದ ಒಂದು ಮಾತನ್ನೂ ಸೇರಿಸಿತು: ಮತದಾರ ಗಂಡಸಾಗಿರಬೇಕು. ಕಲ್ಲುಮಣ್ಣಿನ ಮತ ಹೋಯಿತು, ಹೆಂಗಸಿನ ಬಾಗಿಲಿಗೆ ಅಗುಳಿ ಬಿತ್ತು. ಅಷ್ಟಾದರೂ 56 ಹಾಳೂರುಗಳು ಒಂದೇ ಏಟಿಗೆ ಹೋದವು. ಒಡೆಯರಿಗೆ ಬಿಡಿಗಾಸು ಪರಿಹಾರವಿಲ್ಲ. ಕಾಯಿದೆಯ ಕೊನೆಗೆ ಆ ಊರುಗಳ ಪಟ್ಟಿಯಿದೆ. ಪಟ್ಟಿಯ ಮೊದಲ ಹೆಸರು ಓಲ್ಡ್ ಸೇರಮ್. ಹಿರಿಯ ಪಿಟ್ ನೂರು ವರ್ಷದ ಗಡುವು ಕೊಟ್ಟಿದ್ದ, 66ಕ್ಕೆ ಮುಗಿಯಿತು.

ಹೊಸ ಕಾಯಿದೆಯ ಮೊದಲ ಚುನಾವಣೆ 1832ರ ಡಿಸೆಂಬರಿನಲ್ಲಿ ನಡೆಯಿತು. ಮ್ಯಾಂಚೆಸ್ಟರ್ ಆ ಸಲ ಮಾರ್ಕ್ ಫಿಲಿಪ್ಸ್ ಮತ್ತು ಚಾರ್ಲ್ಸ್ ಪೌಲೆಟ್ ಥಾಮ್ಸನ್ ಎಂಬ ಇಬ್ಬರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. ಓಲ್ಡ್ ಸೇರಮ್‌ನ ಎಲ್ಮ್ ಮರದ ಕೆಳಗೆ ಯಾರೂ ಚಪ್ಪರ ಹಾಕಲಿಲ್ಲ.